ಪ್ರಯೋಗಶಾಲೆಯ ಕಿಟಕಿಯಿಂದ: ಖಾಲಿ ಮನೆಗಳ ಪಾಠ



ಕಳೆದ ಸಂಚಿಕೆಯಲ್ಲಿ ನಮ್ಮ ಈ ದಕ್ಷಿಣ ಕ್ಯಾಲಿಫೋರ್ನಿಯಾದ ಗಡಸುನೀರಿನ ಬಗೆಗೆ ಬರೆದಿದ್ದೆವು. ಬೇಳೆ ಬೇಯದ ಕಷ್ಟ ಹೇಳಿಕೊಂಡು ಲಾಸ್ ಏಂಜಲೀಸಿನಿಂದಲೂ ಸ್ಯಾನ್ ಡಿಯೇಗೋದಿಂದಲೂ ಫೋನುಗಳು ಬಂದವು. ಸಂತೋಷ. ಈ ಸಲ ಒಲೆಯ ಪಕ್ಕದಿಂದ ಎದ್ದು ಊಟದ ಮೇಜಿಗೆ ಬರೋಣ. ನಮ್ಮ ಬಹುಪಾಲು ಮನೆಗಳಲ್ಲಿ ಊಟ ಮುಗಿದು ತಟ್ಟೆ ಎತ್ತಿದ ಮೇಲೆ ಆ ಮೇಜೇ ಮಕ್ಕಳ ಹೋಂವರ್ಕಿನ ಮೇಜು ತಾನೆ?

ಮಿಡ್ಲ್ ಸ್ಕೂಲಿಗೋ ಹೈಸ್ಕೂಲಿಗೋ ಹೋಗುವ ಮಕ್ಕಳಿರುವ ಮನೆಗಳಲ್ಲಿ ಆ ಮೇಜಿನ ಮೇಲೆ ಒಂದು ಜಾತಿಯ ಹಾಳೆಗಳು ಕಾಣಸಿಗುತ್ತವೆ. ಒಂದರ ಮೇಲೊಂದು ಏರಿದ ಎರಡು ದೊಡ್ಡ ವೃತ್ತಗಳು. ನಡುವೆ ಒಂದು ಗುಂಡು, ಸುತ್ತ ಏಳೆಂಟು ಗುಂಡುಗಳು. ಬಾಣದ ಗುರುತಿನಿಂದ ಜೋಡಿಸಿದ ಚೌಕಗಳು. ಮೀನಿನ ಮುಳ್ಳಿನಂತೆ ಒಂದು ಉದ್ದ ಗೆರೆ, ಅದಕ್ಕೆ ಓರೆಯಾಗಿ ಹಲವು ಗೀಟುಗಳು. ಶಾಲೆಯವರು ಇವಕ್ಕೆ ಗ್ರಾಫಿಕ್ ಆರ್ಗನೈಸರ್ ಎನ್ನುತ್ತಾರೆ. ಈ ಅಂಕಣದಲ್ಲಿ ನಾವು ‘ಪಾಠದ ನಕ್ಷೆ’ ಎನ್ನೋಣ.

ಈ ಹಾಳೆಗಳನ್ನು ಕಂಡಾಗ ನಮ್ಮ ಕೂಟದ ತಂದೆತಾಯಿಗಳ ಬಾಯಿಂದ ಬರುವ ಮಾತು ಸಾಮಾನ್ಯವಾಗಿ ಎರಡೇ. ಒಂದು: “ಹೈಸ್ಕೂಲಿಗೆ ಬಂದರೂ ಇನ್ನೂ ಗುಂಡು ಬರೆದು ಬಣ್ಣ ಹಚ್ಚೋದೇನೋ? ನಿನ್ನ ವಯಸ್ಸಿಗೆ ನಾವು ಇಡೀ ಪಾಠ ಒಪ್ಪಿಸ್ತಿದ್ವಿ.” ಇನ್ನೊಂದು: “ಎಲ್ಲ ಮನೆಯೂ ತುಂಬಿದೆಯಾ? ಸರಿ, ಹೋಗಿ ಮಲಗು.” ಮೊದಲಿನವರು ನಕ್ಷೆಯನ್ನು ತೀರ ಹಗುರವಾಗಿ ಕಂಡರು, ಎರಡನೆಯವರು ತೀರ ನಂಬಿಬಿಟ್ಟರು. ಇವೆರಡರ ನಡುವೆ ಮಗುವಿಗೆ ಆಗುವ ನಷ್ಟವೇನು, ಅದನ್ನು ತಪ್ಪಿಸಲು ಮನೆಯಲ್ಲಿ ಏನು ಮಾಡಬಹುದು ಎಂಬುದೇ ಈ ಸಲದ ವಿಷಯ.

ಇವು ಬಂದದ್ದೆಲ್ಲಿಂದ?

ಏರಿದ ವೃತ್ತಗಳು 1880ರಲ್ಲಿ ಇಂಗ್ಲೆಂಡಿನ ತರ್ಕಶಾಸ್ತ್ರಜ್ಞ ಜಾನ್ ವೆನ್ ಪ್ರಕಟಿಸಿದ ಬರಹದಿಂದ ಹೆಸರಾದವು. ಮೀನಿನ ಮುಳ್ಳು ಜಪಾನಿನ ಕಾರೂ ಇಷಿಕಾವಾ ಅವರದು. ಅವರು ನಮ್ಮಂತೆಯೇ ರಸಾಯನಶಾಸ್ತ್ರ ಓದಿದವರು. ಕಾರ್ಖಾನೆಯಲ್ಲಿ ಮಾಲು ಕೆಟ್ಟದ್ದೇಕೆ ಎಂದು ಕಾರಣಗಳನ್ನು ಬಿಡಿಸಿ ನೋಡಲು ಅದನ್ನು ಬಳಸಿದರು. ಶಾಲೆಯ ಮಟ್ಟಿಗೆ ಹೇಳುವುದಾದರೆ, 1960ರಲ್ಲಿ ಡೇವಿಡ್ ಆಸುಬೆಲ್ ಎಂಬ ಅಮೆರಿಕನ್ ಮನಶ್ಶಾಸ್ತ್ರಜ್ಞರು ಒಂದು ಮಾತನ್ನು ಮುಂದಿಟ್ಟರು. ಹೊಸ ಪಾಠಕ್ಕೆ ಮೊದಲು ಅದರ ಹಂದರವನ್ನು ವಿದ್ಯಾರ್ಥಿಗೆ ಕೊಡಿ, ಅವನಿಗೆ ಆಗಲೇ ತಿಳಿದಿರುವುದಕ್ಕೆ ಅದನ್ನು ಕಟ್ಟಿ, ಆಗ ಪಾಠ ನಿಲ್ಲುತ್ತದೆ ಎಂಬುದು ಅದರ ಸಾರಾಂಶ. ಬಳ್ಳಿಗೆ ಚಪ್ಪರ ಮೊದಲು, ಕಾಯಿ ಆಮೇಲೆ ಎನ್ನುವ ಹಾಗೆ.

1969ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೊರೊಥಿ ಫ್ರೇಯರ್ ಮತ್ತು ಸಂಗಡಿಗರು ಒಂದು ಪದವನ್ನು ಬಗೆದು ನೋಡುವ ಕ್ರಮವೊಂದನ್ನು ಕೊಟ್ಟರು. ಅದರಿಂದ ಬಂದ ನಾಲ್ಕು ಮನೆಯ ಚೌಕದಲ್ಲಿ ಅರ್ಥ, ಲಕ್ಷಣ, ಉದಾಹರಣೆ, ಉದಾಹರಣೆ ಅಲ್ಲದ್ದು ಎಂದು ಬರೆಯಬೇಕು. 1972ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಜೋಸೆಫ್ ನೋವಾಕ್ ಅವರ ತಂಡ ಮಕ್ಕಳ ವಿಜ್ಞಾನದ ತಿಳಿವಳಿಕೆ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆಂದು ನೋಡುತ್ತಿತ್ತು. ಮಕ್ಕಳೊಡನೆ ಆಡಿದ ಮಾತುಗಳ ದಾಖಲೆಯೇ ರಾಶಿ ಬಿದ್ದಿತು. ಅದನ್ನು ಒಂದೊಂದು ಹಾಳೆಗೆ ಇಳಿಸಲು ಪರಿಕಲ್ಪನಾ ನಕ್ಷೆ ಹುಟ್ಟಿತು: ಪದಗಳು ಚೌಕದೊಳಗೆ, ಅವುಗಳ ನಡುವಿನ ಸಂಬಂಧ ಗೆರೆಯ ಮೇಲೆ. 1986ರಲ್ಲಿ ಡೋನಾ ಓಗಲ್ ಅವರ ಮೂರು ಕಂಬಸಾಲು ಬಂತು: ಗೊತ್ತಿರುವುದು, ತಿಳಿಯಬೇಕೆಂದಿರುವುದು, ತಿಳಿದುಕೊಂಡದ್ದು. ಈಚೆಗೆ ಇಲ್ಲಿನ ಎಷ್ಟೋ ಶಾಲೆಗಳು ಡೇವಿಡ್ ಹೈರ್ಲ್ ಅವರ ಎಂಟು ನಕ್ಷೆಗಳ ಗುಂಪನ್ನು ಬಳಸುತ್ತವೆ.

ಹೈಸ್ಕೂಲಿನಲ್ಲೇ ಇದರ ಅಗತ್ಯ ಹೆಚ್ಚು. ಚಿಕ್ಕ ತರಗತಿಗಳಲ್ಲಿ ಮಕ್ಕಳು ಓದುವುದು ಹೆಚ್ಚಾಗಿ ಕತೆ. ಕತೆಗೆ ಕಾಲವೇ ದಾರಿ. ‘ಆಮೇಲೆ ಏನಾಯಿತು’ ಎಂದರೆ ಸಾಕು, ಮಗು ನಡೆದುಬಿಡುತ್ತದೆ. ಆರನೆಯ ತರಗತಿಯಿಂದ ಮುಂದೆ ಪುಸ್ತಕದ ಜಾತಿಯೇ ಬೇರೆ. ಅಲ್ಲಿ ಹೋಲಿಕೆ ಇರುತ್ತದೆ, ವರ್ಗೀಕರಣ ಇರುತ್ತದೆ, ಒಂದು ಕಾರಣಕ್ಕೆ ಮೂರು ಪರಿಣಾಮ ಇರುತ್ತದೆ. ಗದ್ಯ ಸಾಲಾಗಿ ಸಾಗುತ್ತದೆ, ವಿಷಯ ಕವಲೊಡೆದಿರುತ್ತದೆ. ಕತೆ ಚೆನ್ನಾಗಿ ಓದುತ್ತಿದ್ದ ಹುಡುಗ ಹೈಸ್ಕೂಲಿಗೆ ಬಂದೊಡನೆ ಯಾಕೆ ತಡವರಿಸುತ್ತಾನೆ ಎಂದು ಕೇಳುವವರಿಗೆ ಉತ್ತರದ ಒಂದು ಭಾಗ ಇದೇ. ಹೋಲಿಕೆಗೆ ವೃತ್ತ, ವರ್ಗೀಕರಣಕ್ಕೆ ಮರ, ಕ್ರಮಕ್ಕೆ ಬಾಣ, ಕಾರಣಕ್ಕೆ ಮೀನಿನ ಮುಳ್ಳು ಎಂದು ಆರಿಸಿಕೊಂಡರೆ ಆ ಕವಲು ಕಣ್ಣಿಗೆ ಕಾಣುತ್ತದೆ.

ನಮಗೇನೂ ಹೊಸದಲ್ಲ

‘ಇದೆಲ್ಲ ಅಮೆರಿಕದ ಶೋಕಿ’ ಎನ್ನುವವರು ತಾವು ಮೊದಲು ಕಲಿತ ಹಾಳೆಯನ್ನು ನೆನಪು ಮಾಡಿಕೊಳ್ಳಬೇಕು. ಕ ಖ ಗ ಘ ಙ, ಅದರ ಕೆಳಗೆ ಚ ಛ ಜ ಝ ಞ. ಐದು ಸಾಲು, ಐದು ಕಂಬಸಾಲು, 25 ಮನೆ. ಒಂದು ಸಾಲಿನಲ್ಲಿರುವ ಅಕ್ಷರಗಳೆಲ್ಲ ಬಾಯಲ್ಲಿ ಒಂದೇ ಜಾಗದಲ್ಲಿ ಹುಟ್ಟುತ್ತವೆ: ಗಂಟಲು, ಅಂಗುಳು, ಅಂಗುಳಿನ ನೆತ್ತಿ, ಹಲ್ಲು, ತುಟಿ. ಒಂದು ಕಂಬಸಾಲಿನಲ್ಲಿರುವವೆಲ್ಲ ಒಂದೇ ರೀತಿಯಲ್ಲಿ ಹುಟ್ಟುತ್ತವೆ: ಅಲ್ಪಪ್ರಾಣ, ಮಹಾಪ್ರಾಣ, ಕೊನೆಯಲ್ಲಿ ಅನುನಾಸಿಕ. ಇಂಗ್ಲಿಷಿನ ಎ ಬಿ ಸಿ ಬರಿಯ ಪಟ್ಟಿ. ನಮ್ಮ ವರ್ಗೀಯ ವ್ಯಂಜನಗಳು ಪಕ್ಕಾ ನಕ್ಷೆ. ಇಲ್ಲಿ ಹುಟ್ಟಿದ ಮಗು ‘ತಟ್ಟೆ’ ಎನ್ನುವಾಗ ಎರಡನ್ನೂ ‘ಟ’ ಮಾಡಿದರೆ ಹತ್ತು ಸಲ ತಿದ್ದುವುದಕ್ಕಿಂತ ಈ ಕೋಷ್ಟಕದ ಎರಡು ಸಾಲು ತೋರಿಸಿ, “ನಾಲಿಗೆ ಈ ಸಾಲಿಗೆ ನೆತ್ತಿಗೆ ಹೋಗಬೇಕು, ಆ ಸಾಲಿಗೆ ಹಲ್ಲಿಗೆ ಬರಬೇಕು” ಎಂದರೆ ಬೇಗ ಹಿಡಿಯುತ್ತದೆ.

ಕಾಗುಣಿತ, ಮಗ್ಗಿ, ಪಂಚಾಂಗ, ವಂಶವೃಕ್ಷ ಎಲ್ಲವೂ ಈ ಕುಲದವೇ. ಅಷ್ಟೇ ಏಕೆ, ನಮ್ಮ ಮಕ್ಕಳ ಕೆಮಿಸ್ಟ್ರಿ ತರಗತಿಯ ಗೋಡೆಯ ಮೇಲೆ ನೇತಾಡುವ ಆವರ್ತ ಕೋಷ್ಟಕವೂ ಹುಟ್ಟಿದ್ದು ಪಾಠ ಹೇಳುವ ಕಷ್ಟದಿಂದಲೇ. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅಧ್ಯಾಪಕನಾಗಿದ್ದ ಡಿಮಿಟ್ರಿ ಮೆಂಡಲೀಫ್ ತನ್ನ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕ ಬರೆಯುತ್ತಿದ್ದ. ಆಗ ತಿಳಿದಿದ್ದ 63 ಮೂಲವಸ್ತುಗಳನ್ನು ಯಾವ ಕ್ರಮದಲ್ಲಿ ಹೇಳುವುದು ಎಂಬುದು ಅವನ ತಲೆನೋವು. 1869ರಲ್ಲಿ ಅವುಗಳನ್ನು ಪರಮಾಣು ತೂಕದ ಕ್ರಮದಲ್ಲಿಟ್ಟು, ಗುಣ ಹೋಲುವವನ್ನು ಒಂದು ಗುಂಪಿಗೆ ತಂದ. ಕೆಲವು ಕಡೆ ಸರಣಿ ಸರಿಹೋಗಲಿಲ್ಲ. ಆಗ ಅವನು ಅಕ್ಕಪಕ್ಕದವನ್ನು ಒತ್ತಿ ತುಂಬಲಿಲ್ಲ. ಆ ಮನೆಗಳನ್ನು ಖಾಲಿ ಬಿಟ್ಟ.

ಆ ಖಾಲಿ ಮನೆಗಳಿಗೆ ಅವನಿಟ್ಟ ಹೆಸರು ನಮಗೆ ಪರಿಚಿತ: ಏಕ-ಅಲ್ಯೂಮಿನಿಯಂ, ಏಕ-ಬೋರಾನ್, ಏಕ-ಸಿಲಿಕಾನ್. ‘ಏಕ’ ಎಂಬುದು ನಮ್ಮ ಸಂಸ್ಕೃತದ ಏಕವೇ. ಅಲ್ಯೂಮಿನಿಯಮ್ಮಿನಿಂದ ಒಂದು ಮನೆ ಆಚೆ ಎಂದು ಅರ್ಥ. 1871ರಲ್ಲಿ ಆ ಮೂರೂ ಕಾಣದ ವಸ್ತುಗಳ ಗುಣಗಳನ್ನು ಅವನು ಬರೆದಿಟ್ಟ. 1875ರಲ್ಲಿ ಫ್ರಾನ್ಸಿನ ಲೆಕಾಕ್ ದ ಬ್ವಾಬೋದ್ರಾನ್ ಗ್ಯಾಲಿಯಂ ಕಂಡುಹಿಡಿದು ಅದರ ಸಾಂದ್ರತೆ 4.7 ಎಂದು ಪ್ರಕಟಿಸಿದ. ಮೆಂಡಲೀಫ್ ರಷ್ಯಾದಿಂದಲೇ ಬರೆದು ತಿಳಿಸಿದ: ಇದು ನನ್ನ ಏಕ-ಅಲ್ಯೂಮಿನಿಯಂ, ಸಾಂದ್ರತೆ 5.9ರ ಹತ್ತಿರ ಇರಬೇಕು, ಶುದ್ಧ ಮಾಡಿ ಮತ್ತೆ ಅಳೆಯಿರಿ ಎಂದು. ಮತ್ತೆ ಅಳೆದಾಗ 5.9 ಬಂತು! ವಸ್ತುವನ್ನು ಕೈಯಲ್ಲಿ ಹಿಡಿದವನಿಗಿಂತ ಖಾಲಿ ಮನೆಯನ್ನು ನೋಡುತ್ತ ಕುಳಿತವನಿಗೆ ಹೆಚ್ಚು ತಿಳಿದಿತ್ತು. 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಸಿಕ್ಕಿ ಉಳಿದೆರಡು ಮನೆಗಳೂ ತುಂಬಿದವು.

ಮಕ್ಕಳ ಹಾಳೆಯನ್ನು ನೋಡುವಾಗ ಈ ಸಂಗತಿ ನಮಗೆ ನೆನಪಿರಬೇಕು. ಎಲ್ಲ ಮನೆಯೂ ತುಂಬಿದ ನಕ್ಷೆಯಿಂದ ಮೇಷ್ಟರ ಮಾರ್ಕು ಸಿಗುತ್ತದೆ. ಯಾವ ಮನೆ ಖಾಲಿ ಇದೆ ಎಂದು ಮಗುವಿಗೇ ಕಂಡರೆ ಮುಂದೆ ಓದಬೇಕಾದದ್ದು ಏನೆಂದು ತಿಳಿಯುತ್ತದೆ.

ನಮ್ಮ ಪಸಡೀನಾದ ಇಬ್ಬರು

ವಿಜ್ಞಾನಿಗಳು ದೊಡ್ಡವರಾದ ಮೇಲೆ ಚಿತ್ರ ಬಿಟ್ಟು ಬರಿಯ ಲೆಕ್ಕ ಮಾಡುತ್ತಾರೆಂಬ ಭ್ರಮೆ ಇದ್ದರೆ ನಮ್ಮ ಊರಿನ ಚರಿತ್ರೆಯೇ ಅದನ್ನು ಬಿಡಿಸುತ್ತದೆ. ಇಲ್ಲಿನ ಕ್ಯಾಲ್ಟೆಕ್‌ನಲ್ಲಿ ದಶಕಗಳ ಕಾಲ ಇದ್ದ ಲೈನಸ್ ಪೌಲಿಂಗ್ 1948ರಲ್ಲಿ ಆಕ್ಸ್‌ಫರ್ಡಿಗೆ ಹೋಗಿದ್ದಾಗ ನೆಗಡಿಯಾಗಿ ಹಾಸಿಗೆ ಹಿಡಿದರು. ಪತ್ತೇದಾರಿ ಕಾದಂಬರಿ ಓದಿ ಓದಿ ಬೇಸರವಾದಾಗ ಕಾಗದದ ಮೇಲೆ ಪ್ರೋಟೀನಿನ ಸರಪಳಿಯನ್ನು ಬರೆದು, ಆ ಕಾಗದವನ್ನೇ ಮಡಿಸಿ ಸುತ್ತಿ ನೋಡಿದರು. ಆಲ್ಫಾ ಹೆಲಿಕ್ಸ್ ಎಂಬ ಸುರುಳಿಯ ಹೊಳಹು ಸಿಕ್ಕಿದ್ದು ಹಾಗೆ; 1951ರಲ್ಲಿ ಕೋರಿ ಮತ್ತು ಬ್ರಾನ್ಸನ್ ಅವರೊಡನೆ ಅದನ್ನು ಪ್ರಕಟಿಸಿದರು. ಅದೇ ಕ್ಯಾಲ್ಟೆಕ್‌ನಲ್ಲಿ 1988ರಲ್ಲಿ ತೀರಿಕೊಳ್ಳುವವರೆಗೂ ಇದ್ದ ರಿಚರ್ಡ್ ಫೈನ್‌ಮನ್ ಎಲೆಕ್ಟ್ರಾನು ಮತ್ತು ಬೆಳಕಿನ ವ್ಯವಹಾರವನ್ನು ಸಣ್ಣ ಗೆರೆಚಿತ್ರಗಳಲ್ಲಿ ಹಿಡಿದಿಟ್ಟವರು. 1949ರಲ್ಲಿ ಅವು ಪ್ರಕಟವಾದವು. ಮುಂದೆ ತಮ್ಮ ವ್ಯಾನಿನ ಮೈಮೇಲೆಲ್ಲ ಆ ಚಿತ್ರಗಳನ್ನೇ ಬರೆಸಿಕೊಂಡಿದ್ದರು. ಆ ಚಿತ್ರಗಳಲ್ಲಿ ಅಲಂಕಾರದ ಗೆರೆ ಒಂದೂ ಇಲ್ಲ. ಪ್ರತಿ ಗೆರೆಗೂ, ಗೆರೆ ಕೂಡುವ ಪ್ರತಿ ಜಾಗಕ್ಕೂ ಲೆಕ್ಕದಲ್ಲಿ ಒಂದೊಂದು ಅಂಶ ಇರುತ್ತದೆ.

ಹೈಸ್ಕೂಲಿನ ನಕ್ಷೆಗೂ ಇದೇ ಪರೀಕ್ಷೆ: ಈ ಗೆರೆಗೆ ಅರ್ಥ ಏನು?

ತುಂಬಿದ ಹಾಳೆ, ಖಾಲಿ ತಲೆ

ಶನಿವಾರ ಮಧ್ಯಾಹ್ನ ನಮ್ಮ ಮನೆಗೆ ಕೂಟದ ಕೆಲವು ಮಕ್ಕಳು ಕೆಮಿಸ್ಟ್ರಿ ಪುಸ್ತಕ ಹಿಡಿದು ಬರುವುದುಂಟು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಒಂದು ದಿನ ಅಂದವಾದ ಹಾಳೆ ತಂದಳು. ಅಯಾನಿಕ ಬಂಧ ಒಂದು ವೃತ್ತದಲ್ಲಿ, ಸಹವೇಲೆನ್ಸೀಯ ಬಂಧ ಇನ್ನೊಂದರಲ್ಲಿ. ಮೂರು ಬಣ್ಣ, ಮುದ್ದಾದ ಅಕ್ಷರ. ಶಾಲೆಯಲ್ಲಿ ಪೂರ್ತಿ ಮಾರ್ಕು ಬಂದಿತ್ತು. ಆದರೂ ಪರೀಕ್ಷೆಯಲ್ಲಿ ಅದೇ ಪಾಠದ ಪ್ರಶ್ನೆಗೆ ಉತ್ತರ ಹೊಳೆದಿರಲಿಲ್ಲ. “ನಾನು ದಡ್ಡಿ, ಅಂಕಲ್” ಎಂದು ತಾನೇ ತೀರ್ಪು ಕೊಟ್ಟುಕೊಂಡಿದ್ದಳು.

ನಾವು ಹಾಳೆಯನ್ನು ಮಗುಚಿಟ್ಟು ಒಂದೇ ಪ್ರಶ್ನೆ ಕೇಳಿದೆವು: “ಬಾಣಲೆಯಲ್ಲಿ ಸಕ್ಕರೆ ಕಾಯಿಸಿದರೆ ಕರಗಿ ಕಂದಾಗುತ್ತದೆ. ಉಪ್ಪು ಯಾಕಮ್ಮ ಹಾಗೇ ಇರುತ್ತದೆ?” ಉಪ್ಪು ಕರಗಬೇಕಾದರೆ 801 ಡಿಗ್ರಿ ಸೆಲ್ಷಿಯಸ್ ಬೇಕು. ಅವಳ ಹಾಳೆಯಲ್ಲಿ ‘ಎಲೆಕ್ಟ್ರಾನ್ ಕೊಡುತ್ತದೆ’ ಎಂದು ಇತ್ತು; ಅದರ ಕೆಳಗೆ ‘ಹೆಚ್ಚಿನ ಕರಗುವ ಬಿಂದು’ ಎಂದೂ ಇತ್ತು. ಮೊದಲನೆಯದಕ್ಕೂ ಎರಡನೆಯದಕ್ಕೂ ಏನು ಸಂಬಂಧ ಎಂಬುದು ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಏರಿದ ವೃತ್ತದಲ್ಲಿ ‘ಏಕೆ’ ಎಂಬುದನ್ನು ಬರೆಯಲು ಜಾಗವೇ ಇಲ್ಲ! ಅದು ‘ಯಾವುದರಲ್ಲಿ ಏನಿದೆ’ ಎಂದು ಹೇಳುವ ನಕ್ಷೆ.

ಆಮೇಲೆ ಖಾಲಿ ಕಾಗದದ ಮೇಲೆ, ಪುಸ್ತಕ ಮುಚ್ಚಿ, ಬಾಣಗಳಲ್ಲಿ ಬರೆಯಲು ಹೇಳಿದೆವು. ಸೋಡಿಯಂ ಎಲೆಕ್ಟ್ರಾನ್ ಕೊಟ್ಟಿತು, ಕ್ಲೋರಿನ್ ಪಡೆಯಿತು. ಅದರಿಂದ ಒಂದು ಧನ, ಒಂದು ಋಣ. ಅಲ್ಲಿಗೆ ಅವಳ ಬಾಣ ನಿಂತಿತು. ಮುಂದಿನ ಮನೆ ಖಾಲಿ. “ಇದೇ ನಿನಗೆ ಗೊತ್ತಿಲ್ಲದ ಜಾಗ. ಇಷ್ಟೇ. ಪಾಠವೆಲ್ಲ ಗೊತ್ತಿಲ್ಲ ಎಂದಲ್ಲ” ಎಂದೆವು. ಪುಸ್ತಕ ತೆರೆದು ಆ ಒಂದು ಪ್ಯಾರಾ ಓದಿದಳು. ಉಪ್ಪಿನ ಹರಳಿನಲ್ಲಿ ಪ್ರತಿ ಅಯಾನನ್ನೂ ಆರು ವಿರುದ್ಧ ಅಯಾನುಗಳು ಎಲ್ಲ ಕಡೆಯಿಂದ ಹಿಡಿದಿರುತ್ತವೆ. ಆ ಹಿಡಿತ ಬಿಡಿಸಲು ಅಷ್ಟು ಶಾಖ ಬೇಕು. ಸಕ್ಕರೆಯಲ್ಲಿ ಅಣುವಿನ ಒಳಗಿನ ಬಂಧ ಗಟ್ಟಿ, ಅಣು ಅಣುವಿನ ನಡುವಿನ ಹಿಡಿತ ಅಷ್ಟಿಲ್ಲ. ಖಾಲಿ ಮನೆ ತುಂಬಿತು. ‘ದಡ್ಡಿ’ ಎಂಬ ಮಾತು ಅವಳ ಬಾಯಿಂದ ಮತ್ತೆ ಬರಲಿಲ್ಲ. ಮಕ್ಕಳು ಹೈಸ್ಕೂಲಿನಲ್ಲಿ ವಿಜ್ಞಾನವನ್ನು ಕೈಬಿಡುವುದು ಇಂತಹ ಒಂದೊಂದು ತೀರ್ಪಿನಿಂದಲೇ. ನಾವು ಈ ಹಾಳೆಗಳ ಬಗೆಗೆ ಇಷ್ಟು ಉದ್ದ ಬರೆಯಲು ಕಾರಣವೂ ಅದೇ.

ಬಾಯಿಪಾಠದ ಪಕ್ಷದವರಿಗೆ ಒಂದು ಸಮಾಧಾನ

ಇದಕ್ಕೆ ಪ್ರಯೋಗದ ಆಧಾರವೂ ಇದೆ. ಪರ್ಡ್ಯೂ ವಿಶ್ವವಿದ್ಯಾಲಯದ ಜೆಫ್ರಿ ಕಾರ್ಪಿಕಿ ಮತ್ತು ಜೆನೆಲ್ ಬ್ಲಂಟ್ 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ವಿಜ್ಞಾನದ ಪಾಠ ಕೊಟ್ಟು, ಕೆಲವರಿಗೆ ಪಾಠವನ್ನು ಎದುರಿಗಿಟ್ಟುಕೊಂಡು ಪರಿಕಲ್ಪನಾ ನಕ್ಷೆ ಬರೆಯಲು ಹೇಳಿದರು. ಇನ್ನು ಕೆಲವರಿಗೆ ಓದಿ, ಪಾಠವನ್ನು ಎತ್ತಿಟ್ಟು, ನೆನಪಿನಿಂದ ಬರೆಯಲು ಹೇಳಿದರು. ಒಂದು ವಾರದ ನಂತರ ಪರೀಕ್ಷೆ. ನೆನಪಿನಿಂದ ಬರೆದವರೇ ಸ್ಪಷ್ಟವಾಗಿ ಮುಂದಿದ್ದರು. ಕೊನೆಯ ಪರೀಕ್ಷೆಯೇ ನಕ್ಷೆ ಬರೆಯುವುದಾಗಿದ್ದಾಗಲೂ ಅವರೇ ಮುಂದು! ತಮಾಷೆಯೆಂದರೆ, ನೆನಪಿನಿಂದ ಬರೆಯುವುದರಿಂದ ಹೆಚ್ಚು ಕಲಿಯುತ್ತೇವೆ ಎಂದು ಆ ವಿದ್ಯಾರ್ಥಿಗಳಿಗೇ ನಂಬಿಕೆ ಇರಲಿಲ್ಲ. ಪುಸ್ತಕ ನೋಡುತ್ತ ಮಾಡಿದಾಗ ಎಲ್ಲ ತಿಳಿದಂತೆಯೇ ಅನ್ನಿಸುತ್ತದೆ; ಮುಚ್ಚಿದಾಗ ತಡವರಿಸಬೇಕಾಗುತ್ತದೆ.

ಹಾಗಾದರೆ ನಕ್ಷೆ ನಿಷ್ಪ್ರಯೋಜಕವೆ? ಅಲ್ಲ. ಅದೇ ಇಬ್ಬರು 2014ರಲ್ಲಿ ನಕ್ಷೆಯನ್ನೇ ಪುಸ್ತಕ ಮುಚ್ಚಿ ಬರೆಸಿ ನೋಡಿದರು. ಆಗ ಅದು ನೆನಪಿನಿಂದ ಗದ್ಯ ಬರೆದಷ್ಟೇ ಉಪಯೋಗವಾಯಿತು. ಗುಣ ಇದ್ದದ್ದು ನೆನಪನ್ನು ಕೆಲಸಕ್ಕೆ ಹಚ್ಚುವುದರಲ್ಲಿ.

ಆದ್ದರಿಂದ ‘ನಮ್ಮ ಕಾಲದ ಬಾಯಿಪಾಠ’ ಎನ್ನುವ ಹಿರಿಯರು ಅರ್ಧ ಗೆದ್ದಂತಾಯಿತು. ಪುಸ್ತಕ ಮುಚ್ಚಿ ಒಪ್ಪಿಸುವ ನಮ್ಮ ಪದ್ಧತಿಯಲ್ಲಿ ಒಂದು ಸತ್ಯವಿತ್ತು. ಅದರ ಕೊರತೆ ಎಂದರೆ, ಪಾಠ ಸಾಲಾಗಿ ಬರುತ್ತಿತ್ತು. ನಡುವಿನಿಂದ ಕೇಳಿದರೆ ಮೊದಲಿನಿಂದ ಶುರುಮಾಡಬೇಕಾಗುತ್ತಿತ್ತು. ಭಾರತದಲ್ಲಿಯೂ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಂಠಪಾಠದಿಂದ ಕಲಿಕೆಯನ್ನು ಬಿಡಿಸಬೇಕೆಂದು ಹೇಳಿತು. ಕರ್ನಾಟಕದ ಶಿಕ್ಷಣ ಇಲಾಖೆಯವರು ಬೆಂಗಳೂರಿನ ಐ.ಟಿ. ಫಾರ್ ಚೇಂಜ್ ಸಂಸ್ಥೆಯೊಡನೆ ಪ್ರೌಢಶಾಲಾ ಶಿಕ್ಷಕರಿಗಾಗಿ ರೂಪಿಸಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಸಂಗ್ರಹದಲ್ಲಿ ಪಾಠಗಳಿಗೆ ‘ಪರಿಕಲ್ಪನಾ ನಕ್ಷೆ’ ಎಂಬ ಭಾಗವನ್ನೇ ಇಟ್ಟಿದ್ದಾರೆ. ಊರಿನಲ್ಲಿರುವ ಅಣ್ಣನ ಮಗನಿಗೂ ಇಲ್ಲಿರುವ ತಂಗಿಗೂ ಈ ವಿಷಯದಲ್ಲಿ ಮಾತಾಡಿಕೊಳ್ಳಲು ಸಾಮಗ್ರಿ ಉಂಟು ಎಂದಾಯಿತು.

ಮೊಸರಿನ ನಕ್ಷೆ

ಇಷ್ಟು ಹೇಳಿ ಒಂದು ಪ್ರಯೋಗ ಕೊಡದಿದ್ದರೆ ಈ ಅಂಕಣದ ಹೆಸರಿಗೆ ಅಪಚಾರ. ಇದನ್ನು ಕನ್ನಡದಲ್ಲೇ ಮಾಡೋಣ. ಪ್ರಶ್ನೆ: ಹಾಲು ಮೊಸರಾಗುವುದು ಹೇಗೆ?

ಮಗುವಿಗೆ ಪದಗಳನ್ನಷ್ಟೇ ಕೊಡಿ: ಹಾಲು, ಹೆಪ್ಪು, ಬ್ಯಾಕ್ಟೀರಿಯ, ಹಾಲಿನ ಸಕ್ಕರೆ, ಲ್ಯಾಕ್ಟಿಕ್ ಆಮ್ಲ, ಕೇಸೀನ್ ಎಂಬ ಪ್ರೋಟೀನು, ಬೆಚ್ಚಗಿನ ಜಾಗ, ಮೊಸರು. ಒಂದೊಂದನ್ನೂ ಸಣ್ಣ ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಹರಡಲಿ. ಚೀಟಿಗಳ ನಡುವೆ ಗೆರೆ ಎಳೆದು ಸಂಬಂಧ ಹೇಳಲಿ.

ಇಲ್ಲಿ ಕನ್ನಡದ ಒಂದು ವಿಶೇಷ ನಮಗೆ ನೆರವಾಗುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ನಡುವೆ ಬರುವುದರಿಂದ ಎರಡು ಚೌಕದ ನಡುವಿನ ಗೆರೆಯ ಮೇಲೆ ಅದನ್ನು ಬರೆದರೆ ವಾಕ್ಯ ತಾನಾಗಿ ಓದಿಸಿಕೊಳ್ಳುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ಸಂಬಂಧವನ್ನು ಹೊರುವುದು ವಿಭಕ್ತಿ ಪ್ರತ್ಯಯ. ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಎಂದು ಬೆಂಚಿನ ಮೇಲೆ ನಿಂತು ಒಪ್ಪಿಸಿದ್ದು ಮರೆತಿಲ್ಲ ತಾನೆ? ಅದು ಈಗ ಕೆಲಸಕ್ಕೆ ಬಂತು! ಗೆರೆ ಎಳೆದ ಮೇಲೆ ಮಗು ಪೂರ್ತಿ ವಾಕ್ಯವನ್ನು ಬಾಯಿಬಿಟ್ಟು ಹೇಳಬೇಕು, ಪ್ರತ್ಯಯ ಹತ್ತಿದ ಪದದ ಬಾಲಕ್ಕೆ ಅದನ್ನು ಬರೆಯಬೇಕು ಎಂಬುದೊಂದೇ ನಿಯಮ.

ಹೆಪ್ಪಿನಲ್ಲಿ ಬ್ಯಾಕ್ಟೀರಿಯ ಇವೆ. ಬ್ಯಾಕ್ಟೀರಿಯ ಹಾಲಿನ ಸಕ್ಕರೆಯನ್ನು ತಿನ್ನುತ್ತವೆ. ಸಕ್ಕರೆಯಿಂದ ಲ್ಯಾಕ್ಟಿಕ್ ಆಮ್ಲ ಆಗುತ್ತದೆ. ಆಮ್ಲ ಕೇಸೀನ್ ಕಣಗಳ ಋಣ ವಿದ್ಯುದಂಶವನ್ನು ಕಳೆಯುತ್ತದೆ. ಕಣಗಳು ಒಂದಕ್ಕೊಂದು ಅಂಟಿಕೊಂಡು ಮೊಸರು ಕಟ್ಟುತ್ತದೆ. ಹಾಲಿನ ಪಿ.ಎಚ್. ಸುಮಾರು 6.7, ಅದು ಇಳಿದು 4.6ರ ಹತ್ತಿರ ಬಂದಾಗ ಕೇಸೀನ್ ನಿಲ್ಲಲಾರದೆ ಗಟ್ಟಿಯಾಗುತ್ತದೆ.

ಈಗ ಪರೀಕ್ಷೆ. ‘ಬೆಚ್ಚಗಿನ ಜಾಗ’ ಎಂಬ ಚೀಟಿಗೆ ಗೆರೆ ಎಲ್ಲಿಂದ? ಬಹಳ ಮಕ್ಕಳು ನೇರವಾಗಿ ಮೊಸರಿಗೆ ಎಳೆಯುತ್ತಾರೆ. “ಹಾಗಾದರೆ ಹೆಪ್ಪು ಹಾಕದೆ ಬರಿಯ ಹಾಲನ್ನು ಅವನ್ನಿನಲ್ಲಿ ಬೆಚ್ಚಗಿಟ್ಟರೆ ಸಾಕೇ?” ಎಂದು ಕೇಳಿ. ಗೆರೆ ತಾನಾಗಿ ಸರಿದು ಬ್ಯಾಕ್ಟೀರಿಯದ ಕಡೆಗೆ ಹೋಗುತ್ತದೆ. ಎರಡನೆಯ ಪ್ರಶ್ನೆ: “ನಿಂಬೆಹಣ್ಣು ಹಿಂಡಿದರೆ ಹಾಲು ತಕ್ಷಣ ಒಡೆಯುತ್ತದಲ್ಲ, ನಿಂಬೆಹಣ್ಣಿನ ಚೀಟಿ ಎಲ್ಲಿ ಇಡುತ್ತೀ?” ಅದಕ್ಕೆ ಬ್ಯಾಕ್ಟೀರಿಯದ ಹಂಗಿಲ್ಲ, ನೇರವಾಗಿ ಆಮ್ಲದ ಪಕ್ಕಕ್ಕೆ ಬರಬೇಕು. ಯಾರೂ ಹೇಳಿಕೊಡದೆ ಮಗು ಇದನ್ನು ಸರಿಯಾದ ಜಾಗದಲ್ಲಿಟ್ಟರೆ ಪಾಠ ತಿಳಿದಿದೆ ಎಂದೇ ಅರ್ಥ. ಊರಿಂದ ಆರು ತಿಂಗಳಿಗೆ ಬಂದಿರುವ ಅಜ್ಜಿಯನ್ನೂ ಮೇಜಿಗೆ ಕರೆಯಿರಿ. ಚಳಿಗಾಲದಲ್ಲಿ ಹೆಪ್ಪು ಯಾಕೆ ಒಂದು ಚಮಚ ಹೆಚ್ಚು ಹಾಕಬೇಕೆಂದು ಅವರಿಗೆ ಗೊತ್ತು. ಅದಕ್ಕೆ ಗೆರೆ ಎಲ್ಲಿಗೆ ಎಂದು ಮೊಮ್ಮಗ ಹೇಳಲಿ.

ಮನೆಯಲ್ಲಿ ನಾವು ಮಾಡಬೇಕಾದದ್ದು

ನಮ್ಮಲ್ಲಿ ಇಂಜಿನಿಯರುಗಳು, ಡಾಕ್ಟರುಗಳು, ಪಿಎಚ್.ಡಿ.ಗಳು ಧಾರಾಳ. ಮಗು ಒಂದು ಸ್ಪೂನು ಕೇಳಿದರೆ ನಾವು ಒಂದು ಹಂಡೆ ಸುರಿಯುತ್ತೇವೆ. ಮುಕ್ಕಾಲು ಗಂಟೆ ವಿವರಣೆ ಕೇಳಿದ ಹುಡುಗ ಮುಂದಿನ ಸಲ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ. ಆ ಬಾಗಿಲು ಹೈಸ್ಕೂಲಿನ ನಾಲ್ಕು ವರ್ಷ ಮುಚ್ಚಿದ್ದರೆ ಕಾಲೇಜಿಗೆ ಹೋಗುವಾಗ ತೆರೆಯುವುದು ಕಷ್ಟ. ಇನ್ನು, ಇಲ್ಲಿನ ಪಠ್ಯ ತಮಗೆ ತಿಳಿಯದೆಂದು ಹಿಂಜರಿಯುವ ತಾಯಂದಿರೂ ಇದ್ದಾರೆ. ಇಬ್ಬರಿಗೂ ನಮ್ಮ ಸಲಹೆ ಒಂದೇ.

ಮೊದಲು ಮಗು ಪಾಠ ಓದಲಿ. ಓದದೆ ಬರೆದ ನಕ್ಷೆಯಿಂದ ಪ್ರಯೋಜನವಿಲ್ಲ. ಆಮೇಲೆ ಪುಸ್ತಕ ಮುಚ್ಚಿ, ಶಾಲೆಯ ಅಚ್ಚಿನ ಹಾಳೆಯನ್ನೂ ಮಗುಚಿಟ್ಟು, ಖಾಲಿ ಕಾಗದದಲ್ಲಿ ಹತ್ತು ನಿಮಿಷ ಬರೆಯಲಿ. ಗೊತ್ತಿಲ್ಲದ ಕಡೆ ಖಾಲಿ ಮನೆ ಬಿಡಲಿ, ಅದಕ್ಕೆ ಬೈಯಬೇಡಿ. ನೀವು ಒಂದು ಗೆರೆಯ ಮೇಲೆ ಬೆರಳಿಟ್ಟು “ಇದರ ಅರ್ಥ ಏನಪ್ಪ?” ಎಂದು ಕೇಳಿ. ಉತ್ತರ ನಿಮಗೆ ಗೊತ್ತಿರಬೇಕಾಗಿಲ್ಲ. ಅವನು ವಾಕ್ಯ ಪೂರ್ತಿ ಮಾಡಿದರೆ ಮುಂದಿನ ಗೆರೆ. ತಡವರಿಸಿದರೆ ಪುಸ್ತಕ ತೆರೆದು ಆ ಒಂದು ಜಾಗ ಓದಲಿ. ಎರಡು ಮೂರು ದಿನ ಬಿಟ್ಟು ಮತ್ತೊಂದು ಕಾಗದದಲ್ಲಿ ಅದೇ ನಕ್ಷೆ. ಬಣ್ಣ ಹಚ್ಚುವ ಆಸೆ ಇದ್ದರೆ ಎಲ್ಲ ಮುಗಿದ ಮೇಲೆ ಹಚ್ಚಲಿ.

ಇದು ಎಲ್ಲದಕ್ಕೂ ಮದ್ದಲ್ಲ ಎಂಬುದನ್ನೂ ಹೇಳಬೇಕು. ಕವಿತೆಯನ್ನು ಡಬ್ಬಿಗಳಲ್ಲಿ ತುಂಬಿದರೆ ಡಬ್ಬಿ ಉಳಿಯುತ್ತದೆ, ಕವಿತೆ ಹೋಗುತ್ತದೆ. ಗಣಿತದ ಲೆಕ್ಕ ಮಾಡಿಯೇ ಕಲಿಯಬೇಕು. ಒಂದು ಹಾಳೆಯಲ್ಲಿ ಹದಿನೈದಕ್ಕಿಂತ ಹೆಚ್ಚು ಚೌಕ ಬಂದರೆ ಪಾಠವನ್ನು ಎರಡಾಗಿ ಒಡೆಯುವುದು ಲೇಸು. ಇನ್ನು ಕೆಲವು ಮಕ್ಕಳಿಗೆ ಬರೆಯುವುದಕ್ಕಿಂತ ಬಾಯಲ್ಲಿ ಹೇಳುವುದೇ ಹಿತ. ಅವರು ಚೀಟಿ ಸರಿಸುತ್ತ ಹೇಳಲಿ, ನೀವು ಗೆರೆ ಎಳೆಯಿರಿ.

ಮುಂದಿನ ತಿಂಗಳ ನಮ್ಮ ಕೂಟದ ಭೇಟಿಗೆ ಬರುವಾಗ ಮಕ್ಕಳು ಪುಸ್ತಕ ನೋಡದೆ ಬರೆದ ಒಂದೊಂದು ಕನ್ನಡ ನಕ್ಷೆ ತರಲಿ: ಮೊಸರಿನದೋ, ವಂಶವೃಕ್ಷದ್ದೋ, ಚೌಕಾಬಾರದ ನಿಯಮದ್ದೋ. ಊಟದ ಸಾಲಿನ ಪಕ್ಕದ ಗೋಡೆಗೆ ಅಂಟಿಸೋಣ. ಖಾಲಿ ಮನೆ ಇದ್ದರೂ ಅಡ್ಡಿಯಿಲ್ಲ, ಅದನ್ನು ತುಂಬಿಸಲು ಬಿಸಿಬೇಳೆಬಾತಿನ ತಟ್ಟೆ ಹಿಡಿದ ಅಜ್ಜಅಜ್ಜಿಯರು ಇದ್ದೇ ಇರುತ್ತಾರೆ. ಮುಂದಿನ ಸಂಚಿಕೆಯಲ್ಲಿ, ಹಲವರು ಕೇಳಿರುವಂತೆ, ಇಡ್ಲಿ ಹಿಟ್ಟು ಉಬ್ಬದಿರುವ ಕಾರಣಗಳ ಬಗೆಗೆ ಬರೆಯುತ್ತೇವೆ. ಮೀನಿನ ಮುಳ್ಳಿನ ನಕ್ಷೆಯೊಂದನ್ನು ಈಗಿನಿಂದಲೇ ಸಿದ್ಧ ಮಾಡಿಕೊಳ್ಳಿ.